ನೋಡುವವರ ರಸ್ತೆ, ಹಾಕಿದವರ ರಸ್ತೆ

ಪ್ರವಾಸ ಕಥನಕ್ಕೆ ಕನ್ನಡದಲ್ಲಿ ಮರ್ಯಾದೆ ಯಾವತ್ತೂ ಕಡಿಮೆಯಾಗಿಲ್ಲ. 1980ರಲ್ಲಿ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂತು. ಅದಾದ ಮೇಲೆ ಹೊರದೇಶಕ್ಕೆ ಹೋಗಿಬಂದ ಅಧ್ಯಾಪಕರು, ಡಾಕ್ಟರು, ಇಂಜಿನಿಯರುಗಳು, ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಹಿರಿಯರು, ಎಲ್ಲರೂ ಬರೆದಿದ್ದಾರೆ, ಈಗಲೂ ಬರೆಯುತ್ತಿದ್ದಾರೆ. ಬರೆಯಲಿ, ಬೇಡ ಅನ್ನೋರು ಯಾರು? ಆದರೆ ಈ ಬಗೆಯ ಬರವಣಿಗೆಯಲ್ಲಿ ಒಂದು ವಾಕ್ಯ ಮಾತ್ರ ತಪ್ಪುವುದೇ ಇಲ್ಲ: ಅಲ್ಲಿನ ಪ್ರಕೃತಿ ಸೌಂದರ್ಯ ಕಣ್ಮನ ತಣಿಸಿತು. ಕಣ್ಣು ಯಾರದು, ಅದು ಯಾವ ಸೀಟಿನಲ್ಲಿ ಕೂತು ನೋಡಿತು, ಆ ಸೀಟು ಅಲ್ಲಿಗೆ ಹೋಗಿ ಮುಟ್ಟುವಂತೆ ದಾರಿ ಮಾಡಿಕೊಟ್ಟವರು ಯಾರು ಅನ್ನುವ ಪ್ರಶ್ನೆ ಈ ವಾಕ್ಯದೊಳಗೆ ನುಸುಳಲು ಜಾಗವೇ ಇಲ್ಲ. ವಿಮರ್ಶಕರೂ ಕೇಳಿದ್ದು ಕಮ್ಮಿ. ಶೈಲಿ ಲಲಿತವಾಗಿದೆಯೇ, ಹಾಸ್ಯ ಹದವಾಗಿದೆಯೇ ಅಂತ ನೋಡಿ ಬಿಟ್ಟುಬಿಟ್ಟರು.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ದೂರದ ಒಂದು ರಸ್ತೆಯನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಕಾರಣ ಎರಡು. ಪ್ರಪಂಚದ ಚೆಲುವಾದ ರಸ್ತೆಗಳ ಪಟ್ಟಿಯಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ. ಕಣ್ಮನ ತಣಿಸುವ ಸಾಹಿತ್ಯ ಇದರ ಮೇಲೆ ರಾಶಿ ಬಿದ್ದಿದೆ. ಎರಡನೆಯದು, ಈ ರಸ್ತೆಯನ್ನು ಹಾಕಿದವರು, ಇಂಥ ರಸ್ತೆಗಳಲ್ಲಿ ಓಡಾಡಲು ಹೆದರಿದವರು, ಇದರ ಪಕ್ಕದ ಮರಳಿನಲ್ಲಿ ಮಣ್ಣಾದವರು ನಮಗೆ ತೀರಾ ಪರಕೀಯರಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ಚಿಂತಕ ಡು ಬೊಯ್ಸ್ ಅವರಿಗೆ ಕಾಗದ ಬರೆದು, ಅವರ ಜನರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ‘ದಲಿತ ಪ್ಯಾಂಥರ್’ ಅಂತ ಹೆಸರಿಟ್ಟುಕೊಂಡಾಗ ಕಣ್ಣ ಮುಂದೆ ಇದ್ದದ್ದು ಅಲ್ಲಿನ ಬ್ಲ್ಯಾಕ್ ಪ್ಯಾಂಥರರು. ಅವರ ರಸ್ತೆ ಎಂಥದ್ದು ಅಂತ ಒಮ್ಮೆ ನೋಡುವುದು ನಮಗೆ ಬಿಟ್ಟಿ ಕೆಲಸವಲ್ಲ.

2

ಅಮೆರಿಕದ ಆಗ್ನೇಯ ಮೂಲೆಯ ರಾಜ್ಯ ಫ್ಲಾರಿಡಾ. ಅದರ ತುದಿಯಿಂದ ಸಮುದ್ರಕ್ಕೆ ಯಾರೋ ಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ದ್ವೀಪಗಳ ಒಂದು ಸಾಲು ಬಾಗಿಕೊಂಡು ಹೋಗಿದೆ. ಸ್ಪ್ಯಾನಿಷರ ‘ಕಾಯೊ’ ಇಂಗ್ಲಿಷಿನವರ ಬಾಯಲ್ಲಿ ‘ಕೀ’ ಆಯಿತು; ನಮ್ಮ ಕರಾವಳಿಯವರು ಕುದ್ರು ಅನ್ನುತ್ತಾರಲ್ಲ, ಹತ್ತಿರ ಹತ್ತಿರ ಅದೇ. ಈ ಕುದ್ರುಗಳನ್ನೆಲ್ಲ ಪೋಣಿಸಿದ ರಸ್ತೆಗೆ ‘ಓವರ್‌ಸೀಸ್ ಹೈವೇ’ ಅಂತ ಹೆಸರು. ಉದ್ದ 113 ಮೈಲಿ, ಸೇತುವೆಗಳು 42. ತೆಂಕಣಕ್ಕೆ ಹೊರಟರೆ ಎಡಗಡೆ ಅಟ್ಲಾಂಟಿಕ್ ಸಾಗರ, ಬಲಗಡೆ ಮೆಕ್ಸಿಕೊ ಕೊಲ್ಲಿ. ‘ಏಳು ಮೈಲಿ ಸೇತುವೆ’ಯ ನಡುವೆ ಬಂದಾಗ ಎರಡೂ ಕಡೆ ನೀರು ಬಿಟ್ಟು ಬೇರೇನಿಲ್ಲ. ಕೊನೆಯ ಊರು ಕೀ ವೆಸ್ಟ್. ಅಲ್ಲಿಂದ ಕ್ಯೂಬಾ 90 ಮೈಲಿ. 2009ರಲ್ಲಿ ಅಮೆರಿಕ ಸರ್ಕಾರ ಈ ರಸ್ತೆಗೆ ‘ಆಲ್ ಅಮೆರಿಕನ್ ರೋಡ್’ ಅನ್ನುವ ಬಿರುದನ್ನೂ ಕೊಟ್ಟಿತು. ಚೆಂದ ಇಲ್ಲ ಅಂತ ವಾದ ಮಾಡಲು ನಾನು ಕೂತಿಲ್ಲ. ಚೆಂದ ಇದೆ.

ಈಗ ಆ ಕೊನೆಯ ಊರಿನ ಹೆಸರನ್ನು ನೋಡಿ. ಕೀ ವೆಸ್ಟ್ ಅಂದರೆ ‘ಪಶ್ಚಿಮದ ಕುದ್ರು’ ಅಂತ ಕೇಳಿದವರು ಅಂದುಕೊಳ್ಳುತ್ತಾರೆ. ಸ್ಪ್ಯಾನಿಷರು ಇಟ್ಟದ್ದು ‘ಕಾಯೊ ವೆಸೊ’, ಎಲುಬಿನ ಕುದ್ರು. ಇಂಗ್ಲಿಷರ ಕಿವಿ ಅದನ್ನು ‘ವೆಸ್ಟ್’ ಅಂತ ಕೇಳಿಸಿಕೊಂಡಿತು. ಎಲುಬು ಹೋಗಿ ದಿಕ್ಕು ಉಳಿಯಿತು.

ಎಲುಬು ಅನ್ನುವುದು ಬರೀ ಹೆಸರಿನ ಮಾತಲ್ಲ. 1860ರಲ್ಲಿ ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಕ್ಯೂಬಾ ಕಡೆ ಹೊರಟಿದ್ದ ಮೂರು ಹಡಗುಗಳನ್ನು ಅಮೆರಿಕದ ನೌಕಾಪಡೆ ಹಿಡಿದು ಕೀ ವೆಸ್ಟಿಗೆ ತಂದಿತು. ವೈಲ್ಡ್‌ಫೈರ್, ವಿಲಿಯಂ, ಬೊಗೊಟಾ ಅಂತ ಅವುಗಳ ಹೆಸರು. ಇಳಿದವರು 1,400ಕ್ಕೂ ಹೆಚ್ಚು ಜನ, ಅವರಲ್ಲಿ ಎಷ್ಟೋ ಮಂದಿ ಮಕ್ಕಳು. ಹಡಗಿನ ಅಡಿಯಲ್ಲಿ ಬೆಂದು ಬಂದಿದ್ದವರಲ್ಲಿ 300ರ ಹತ್ತಿರ ಜನ ಕೆಲವೇ ವಾರಗಳಲ್ಲಿ ಅಲ್ಲೇ ಸತ್ತರು. ಕಡಲತಡಿಯ ಮರಳಿನಲ್ಲಿ ಹೂಳಿದರು. ಉಳಿದವರನ್ನು ಲೈಬೀರಿಯಾಕ್ಕೆ ಸಾಗಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಮಸಣದ ಒಂದು ಭಾಗದ ಮೇಲೆ ಕೋಟೆ ಎದ್ದಿತು. ಆಮೇಲೆ ಅದರ ಪಕ್ಕ ಪ್ರವಾಸಿಗರ ಬೀಚ್ ಆಯಿತು. 2002ರಲ್ಲಿ ನೆಲದೊಳಗನ್ನು ನೋಡುವ ರಾಡಾರ್ ಯಂತ್ರ ತಂದು ಸಮಾಧಿಗಳನ್ನು ಪತ್ತೆ ಮಾಡುವವರೆಗೂ ಜನ ಅದರ ಮೇಲೆಯೇ ಮೈ ಕಾಯಿಸಿಕೊಂಡು ಮಲಗುತ್ತಿದ್ದರು. ನೂರ ನಲವತ್ತು ವರ್ಷ. ಕಣ್ಣು ಕಾಣದ್ದನ್ನು ಕಾಣಿಸಲು ಯಂತ್ರ ಬೇಕಾಯಿತು.

3

ಈ ರಸ್ತೆ ಮೊದಲು ರೈಲು ದಾರಿಯಾಗಿತ್ತು. ರಾಕ್‌ಫೆಲರನ ಜೊತೆಗೂಡಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಕಟ್ಟಿ ಕೋಟ್ಯಧಿಪತಿಯಾದ ಹೆನ್ರಿ ಫ್ಲ್ಯಾಗ್ಲರ್ 1905ರಲ್ಲಿ ತನ್ನ ರೈಲನ್ನು ಸಮುದ್ರದ ಮೇಲೆ ಕೀ ವೆಸ್ಟ್ ತನಕ ಒಯ್ಯಲು ಹೊರಟ. 1912ರ ಜನವರಿ 22ರಂದು ಮೊದಲ ರೈಲು ಮುಟ್ಟಿತು. ಮುದುಕ ಧಣಿ ಅದರಲ್ಲೇ ಕೂತು ಬಂದ. ಪ್ರವಾಸದ ಪುಸ್ತಕಗಳು ಇವತ್ತಿಗೂ ‘ಫ್ಲ್ಯಾಗ್ಲರ್ ಕಟ್ಟಿದ ರೈಲು ದಾರಿ’ ಅನ್ನುತ್ತವೆ. ‘ಕಟ್ಟಿದ’ ಅನ್ನುವ ಈ ಕ್ರಿಯಾಪದವನ್ನು ಸ್ವಲ್ಪ ತಡೆದು ನಿಲ್ಲಿಸಿ ಕೇಳಬೇಕು. ಸಮುದ್ರಕ್ಕೆ ಸೇತುವೆ ಹಾಕಿದ ಕಥೆ ನಮ್ಮಲ್ಲೂ ಇದೆಯಲ್ಲ. ಕಲ್ಲು ಹೊತ್ತವರು ಯಾರೋ, ಸೇತುವೆಗೆ ನಿಂತದ್ದು ರಾಮನ ಹೆಸರು. ಹೊತ್ತವರಿಗೆ ಕವಿಗಳು ಬಾಲ ಅಂಟಿಸಿಬಿಟ್ಟರು. ಫ್ಲ್ಯಾಗ್ಲರನ ಕಥೆ ಬರೆದವರು ಅಷ್ಟು ಕಷ್ಟವನ್ನೂ ಪಡಲಿಲ್ಲ. ಹೊತ್ತವರನ್ನು ಸುಮ್ಮನೆ ಕೈಬಿಟ್ಟರು.

ಹೊತ್ತವರು ಯಾರು? ಅಮೆರಿಕದ ಕಪ್ಪು ಜನ, ಬಹಾಮಾ ಮತ್ತು ಕೇಮನ್ ದ್ವೀಪಗಳ ಕಪ್ಪು ಜನ, ಸ್ಪೇನಿನಿಂದ ಬಂದವರು, ನ್ಯೂಯಾರ್ಕಿನ ಬೀದಿಗಳಲ್ಲಿ ಕೆಲಸ ಸಿಗದೆ ಅಲೆಯುತ್ತಿದ್ದ ಇಟಲಿಯ, ಗ್ರೀಸಿನ ಬಡವರು. ಕೆಲಸ ಜೋರಾಗಿದ್ದಾಗ 4,000 ಜನರ ತನಕ ದುಡಿದರು. ಕುದ್ರುಗಳಲ್ಲಿ ಕುಡಿಯುವ ನೀರಿಲ್ಲ. ಒಳನಾಡಿನಿಂದ ತೊಟ್ಟಿಗಳಲ್ಲಿ ತರಿಸಬೇಕು. ಸೊಳ್ಳೆಯ ಕಾಟಕ್ಕೆ ಹೊಗೆ ಹಾಕಿಕೊಂಡು ಮಲಗಬೇಕು. ನ್ಯೂಯಾರ್ಕಿನಲ್ಲಿ ಮೇಸ್ತ್ರಿಗಳು ಸುಳ್ಳು ಆಸೆ ತೋರಿಸಿ ಆಳುಗಳನ್ನು ರೈಲು ಹತ್ತಿಸುತ್ತಿದ್ದರು. ಬಂದ ಖರ್ಚು ಆಳಿನ ಲೆಕ್ಕಕ್ಕೆ ಸಾಲ. ಸಾಲ ತೀರುವ ತನಕ ಬಿಡುಗಡೆ ಇಲ್ಲ. ಓಡಿಹೋಗಬೇಕು ಅಂದರೆ ಸುತ್ತಲೂ ಸಮುದ್ರ. ಇದಕ್ಕೆ ನಮ್ಮ ಹಳ್ಳಿಗಳಲ್ಲಿ ಏನು ಹೆಸರು ಅಂತ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಜೀತ. 1976ರಲ್ಲಿ ನಮ್ಮಲ್ಲಿ ಕಾನೂನು ಮಾಡಿ ನಿಷೇಧಿಸಿದ್ದು ಇದನ್ನೇ. 1907ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಆಳು ಒದಗಿಸಿದವರ ಮೇಲೆ ಜೀತದ ಮೊಕದ್ದಮೆ ಹೂಡಿತು. ಶಿಕ್ಷೆ ಯಾರಿಗೂ ಆಗಲಿಲ್ಲ.

1906ರ ಅಕ್ಟೋಬರಿನಲ್ಲಿ ಚಂಡಮಾರುತ ಬಂತು. ಲಾಂಗ್ ಕೀ ಹತ್ತಿರ ಆಳುಗಳನ್ನು ಮಲಗಿಸಲು ನಿಲ್ಲಿಸಿದ್ದ ತೇಲುಮನೆ ಹಗ್ಗ ಹರಿದುಕೊಂಡು ಕಡಲಿಗೆ ಹೋಯಿತು. ಆ ಬಿರುಗಾಳಿಯಲ್ಲಿ ಸತ್ತ ಕೆಲಸಗಾರರು ನೂರಕ್ಕೂ ಮೇಲೆ. 1909ರಲ್ಲಿ ಮತ್ತೊಂದು ಬಂತು, 1910ರಲ್ಲಿ ಇನ್ನೊಂದು. ಕೆಲಸ ನಿಲ್ಲಲಿಲ್ಲ.

ಏಳು ಮೈಲಿ ಸೇತುವೆಯ ಕೆಳಗೆ ಪಿಜನ್ ಕೀ ಅನ್ನುವ ಪುಟ್ಟ ಕುದ್ರು ಇದೆ. ಸೇತುವೆ ಕೆಲಸದ ನೂರಾರು ಆಳುಗಳ ಬಿಡಾರ ಅಲ್ಲಿತ್ತು. ಹಳೆಯ ಕಟ್ಟಡಗಳನ್ನು ಜೋಪಾನವಾಗಿ ಉಳಿಸಿದ್ದಾರೆ; 2022ರಲ್ಲಿ ಹಳೆ ಸೇತುವೆಯ ಒಂದು ತುಂಡನ್ನು ರಿಪೇರಿ ಮಾಡಿ ಅಲ್ಲಿಗೆ ನಡೆದು ಹೋಗುವ ದಾರಿಯನ್ನೂ ಬಿಟ್ಟಿದ್ದಾರೆ. ಆ ಕಟ್ಟಡಗಳಲ್ಲಿ ಒಂದರ ಹೆಸರು ದಾಖಲೆಯಲ್ಲಿ ‘ನೀಗ್ರೋ ಕ್ವಾರ್ಟರ್ಸ್’. ಸಮುದ್ರದ ನಡುವೆ ಅಂಗೈ ಅಗಲದ ನೆಲ. ಅಲ್ಲೂ ಊರು ಬೇರೆ, ಕೇರಿ ಬೇರೆ! ಇನ್ನು ರೈಲಿನ ಮಾತು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಡಬ್ಬಿ ಇರಬೇಕು ಅಂತ ಫ್ಲಾರಿಡಾ 1887ರಲ್ಲೇ ಕಾನೂನು ಮಾಡಿತ್ತು. ಹಳಿ ಹಾಸಿದವನಿಗೆ ಹಳಿಯ ಮೇಲಿನ ಡಬ್ಬಿಯಲ್ಲಿ ಇಷ್ಟಬಂದ ಕಡೆ ಕೂರುವ ಹಕ್ಕಿರಲಿಲ್ಲ.

ಇಷ್ಟರ ನಡುವೆ ಬದುಕಿದವರೂ ಇದ್ದರು, ಅದನ್ನು ಮರೆಯಬಾರದು. ಈಗ ಮ್ಯಾರಥಾನ್ ಅನ್ನುವ ಊರಿರುವ ಕಡೆ ಬಹಾಮಾದಿಂದ ಬಂದ ಜಾರ್ಜ್ ಅಡರ್ಲಿ, ಒಲಿವಿಯಾ ಅಡರ್ಲಿ ಎಂಬ ಕಪ್ಪು ದಂಪತಿ 1903ರಲ್ಲಿ ಜಮೀನು ಕೊಂಡರು. ಸಮುದ್ರದಿಂದ ಸ್ಪಂಜು ಕಿತ್ತು, ಇದ್ದಿಲು ಸುಟ್ಟು ಮಾರಿದರು. ಚಿಪ್ಪು ಸುಟ್ಟು ಸುಣ್ಣ ಮಾಡಿ, ಆ ಗಾರೆಯಿಂದ ತಾವೇ ಮನೆ ಕಟ್ಟಿಕೊಂಡರು. ಫ್ಲ್ಯಾಗ್ಲರನ ಹಳಿ ಹರಿದು ಹಾಳಾದ ಮೇಲೂ ಆ ಮನೆ ನಿಂತಿತು, ಈಗಲೂ ಇದೆ. ‘ಕಟ್ಟಿದ’ ಅನ್ನುವ ಮಾತನ್ನು ಯಾರಿಗಾದರೂ ಕೊಡುವುದಾದರೆ ಇವರಿಗೆ ಮೊದಲು ಕೊಡಬೇಕು.

4

ರೈಲು ದಾರಿ ಕಾರು ರಸ್ತೆಯಾದ ಬಗೆ ಇನ್ನೂ ಕ್ರೂರ. 1932ರಲ್ಲಿ, ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಸಾವಿರಾರು ಅಮೆರಿಕನ್ ಸೈನಿಕರು, ಕೆಲಸವಿಲ್ಲದೆ ಹೊಟ್ಟೆಗಿಲ್ಲದೆ, ತಮಗೆ ಬರಬೇಕಾದ ಬೋನಸ್ ಈಗಲೇ ಕೊಡಿ ಅಂತ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡು ಕೂತರು. ಜುಲೈ 28ರಂದು ಜನರಲ್ ಮ್ಯಾಕಾರ್ಥರ್ ಕುದುರೆ ಪಡೆ, ಟ್ಯಾಂಕು, ಅಶ್ರುವಾಯು ತಂದು ಅವರನ್ನು ಓಡಿಸಿದ. ಸರ್ಕಾರ ಬದಲಾಯಿತು. ಹೊಸ ಸರ್ಕಾರ ಇವರನ್ನು ರಾಜಧಾನಿಯಿಂದ ದೂರ ಇಡಲು ಪರಿಹಾರ ಕಾಮಗಾರಿಯ ಹೆಸರಿನಲ್ಲಿ ಕುದ್ರುಗಳಿಗೆ ಕಳಿಸಿತು. ರೈಲು ಹಳಿಯ ಪಕ್ಕದಲ್ಲಿ ಕಾರು ರಸ್ತೆ ಹಾಕುವುದು ಕೆಲಸ. ವಾಸ ಕಡಲ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ಬಿಡಾರಗಳಲ್ಲಿ, ಬಿರುಗಾಳಿಯ ತಿಂಗಳುಗಳಲ್ಲಿ.

1935ರ ಸೆಪ್ಟೆಂಬರ್ 2, ಅಲ್ಲಿನ ಕಾರ್ಮಿಕರ ದಿನ. ಅಮೆರಿಕದ ನೆಲಕ್ಕೆ ಅಪ್ಪಳಿಸಿದ, ದಾಖಲೆಯಲ್ಲಿರುವ ಚಂಡಮಾರುತಗಳಲ್ಲೇ ಅತಿ ಬಲವಾದದ್ದು ಅವತ್ತು ಬಂತು. ಇವರನ್ನು ಕರೆತರಲು ಮಯಾಮಿಯಿಂದ ರೈಲು ಹೊರಡಿಸಿದ್ದೇ ಹೊತ್ತು ಮೀರಿದ ಮೇಲೆ. ದಾರಿಯಲ್ಲಿ ದೋಣಿಗಳು ದಾಟಲೆಂದು ಎತ್ತುಸೇತುವೆ ತೆರೆದಿತ್ತು, ಅದಕ್ಕೆ ಕಾಯಬೇಕಾಯಿತು. ಹೋಂಸ್ಟೆಡ್‌ನಲ್ಲಿ ಇಂಜಿನ್ ತಿರುಗಿಸಲು ಮತ್ತಷ್ಟು ಹೊತ್ತು. ಇಸ್ಲಾಮೊರಾಡಾ ಮುಟ್ಟಿದ್ದು ರಾತ್ರಿ ಎಂಟರ ಮೇಲೆ, ಸಮುದ್ರವೇ ಎದ್ದು ಬಂದ ಗಳಿಗೆಗೆ ಸರಿಯಾಗಿ. ಡಬ್ಬಿಗಳೆಲ್ಲ ಹಳಿಯಿಂದ ಕೊಚ್ಚಿಹೋದವು, ಇಂಜಿನ್ ಒಂದು ನಿಂತಿತ್ತು. ಸತ್ತವರು 400ಕ್ಕೂ ಹೆಚ್ಚು; ಅವರಲ್ಲಿ 250ಕ್ಕೂ ಹೆಚ್ಚು ಮಂದಿ ರಸ್ತೆ ಹಾಕಲು ಬಂದ ಮಾಜಿ ಸೈನಿಕರು. ಹೆಣ ಕೊಳೆಯಲು ಶುರುವಾದಾಗ ರಾಶಿ ಹಾಕಿ ಸುಟ್ಟರು. ಒಂದು ವಾರ ತುಂಬುವ ಮೊದಲೇ ಸರ್ಕಾರದ ತನಿಖೆ ಮುಗಿದು ವರದಿ ಬಂತು: ಮನುಷ್ಯರ ತಪ್ಪು ಯಾರದ್ದೂ ಇಲ್ಲ, ಇದು ದೈವಕೃತ್ಯ. ಹಣೆಬರಹ, ಕರ್ಮ ಅಂತೆಲ್ಲ ಕೇಳಿಕೊಂಡು ಬೆಳೆದ ನಮಗೆ ಈ ಭಾಷೆ ಹೊಸದಲ್ಲ.

ಆಗ ಕೀ ವೆಸ್ಟಿನಲ್ಲಿ ವಾಸವಾಗಿದ್ದ ಹೆಮಿಂಗ್ವೇ ದೋಣಿಯಲ್ಲಿ ಅಲ್ಲಿಗೆ ಹೋಗಿ ಹೆಣಗಳನ್ನು ಕಂಡ. ‘ನ್ಯೂ ಮಾಸಸ್’ ಎಂಬ ಎಡಪಂಥದ ಪತ್ರಿಕೆಗೆ, ಈ ಸೈನಿಕರನ್ನು ಕೊಂದವರು ಯಾರು ಅನ್ನುವ ಪ್ರಶ್ನೆಯನ್ನೇ ತಲೆಬರಹ ಮಾಡಿ ಲೇಖನ ಬರೆದ. ಸೆಪ್ಟೆಂಬರ್ 17ರ ಸಂಚಿಕೆಯಲ್ಲಿ ಅಚ್ಚಾಯಿತು. ಅವನ ವಾದ ಸರಳ, ಏಟು ನೇರ. ಬಿರುಗಾಳಿಯ ತಿಂಗಳಲ್ಲಿ ಈ ಕಡೆಗೆ ಸಾಹುಕಾರರ ವಿಹಾರ ನೌಕೆ ಬರುವುದಿಲ್ಲ, ಅಧ್ಯಕ್ಷರೂ ಮೀನು ಹಿಡಿಯಲು ಬರುವುದಿಲ್ಲ. ಯಾಕೆಂದರೆ ಆಸ್ತಿಗೆ ಅಪಾಯ. ಸೈನಿಕರು ಯಾರ ಆಸ್ತಿಯೂ ಅಲ್ಲವಲ್ಲ, ಅವರನ್ನು ಬಿಡಬಹುದು. ‘ದೈವಕೃತ್ಯ’ ಅನ್ನುವ ಮಾತಿನ ಎದುರು ‘ಕಳಿಸಿದವರು ಯಾರು’ ಅನ್ನುವ ಮಾತನ್ನು ನಿಲ್ಲಿಸಿದ್ದು ಈ ಲೇಖನದ ದೊಡ್ಡ ಕೆಲಸ. ಬಂಡಾಯದ ಗದ್ಯಕ್ಕೆ ಇದೊಂದು ಮಾದರಿ ಅಂತ ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಇವತ್ತು ಕೀ ವೆಸ್ಟಿನಲ್ಲಿರುವ ಅವನ ಮನೆ ಪ್ರವಾಸಿಗರ ಕ್ಷೇತ್ರ. ಟಿಕೀಟು ಕೊಟ್ಟು ಹೋದವರು ಅಲ್ಲಿನ ಆರು ಬೆರಳಿನ ಬೆಕ್ಕುಗಳ ಫೋಟೋ ತೆಗೆದುಕೊಂಡು ಬರುತ್ತಾರೆ.

ಆದರೆ ಇದೇ ಹೆಮಿಂಗ್ವೇಯ 1937ರ ಕಾದಂಬರಿ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ತೆಗೆದುಕೊಳ್ಳಿ. ಕೀ ವೆಸ್ಟಿನ ಬಡ ದೋಣಿಕಾರನ ಕಥೆ, ಹೆಸರಲ್ಲೇ ಉಳ್ಳವರು ಇಲ್ಲದವರು ಇದ್ದಾರೆ. ಅದರಲ್ಲಿ ದೋಣಿಯ ಚುಕ್ಕಾಣಿ ಹಿಡಿದ ಒಬ್ಬ ಕಪ್ಪು ಆಳು ಇದ್ದಾನೆ. ಮೊದಲ ಭಾಗದಲ್ಲಿ ಅವನಿಗೆ ಹೆಸರೇ ಇಲ್ಲ, ಬೈಗುಳವೇ ಹೆಸರು. ನೀರಿನ ಮೇಲೆ ಹಾರುವ ಮೀನಿನ ಹಿಂಡನ್ನು ಮೊದಲು ಕಂಡವನು ಅವನೇ. ‘ಅಗೋ’ ಅಂತ ಅವನು ಕೂಗಬೇಕಿತ್ತು. ಆದರೆ ಕಥೆ ಹೇಳುವ ಬಿಳಿಯ ಯಜಮಾನ, ಅವನು ಕಂಡಿದ್ದಾನೆ ಅನ್ನೋದು ತನಗೆ ಕಂಡಿತು ಎಂಬಂಥ ಸೊಟ್ಟ ವಾಕ್ಯ ಮಾಡಿ ಅವನ ಬಾಯಿ ಕಟ್ಟುತ್ತಾನೆ. ಇದನ್ನು ಹಿಡಿದು ತೋರಿಸಿದವಳು ಕಪ್ಪು ಕಾದಂಬರಿಕಾರ್ತಿ ಟೋನಿ ಮಾರಿಸನ್, 1992ರ ‘ಪ್ಲೇಯಿಂಗ್ ಇನ್ ದ ಡಾರ್ಕ್’ ಎಂಬ ವಿಮರ್ಶೆಯ ಪುಸ್ತಕದಲ್ಲಿ. ವಿಮರ್ಶೆ ಅಂದರೆ ಇದು. ಒಂದು ವಾಕ್ಯ ಯಾಕೆ ಸೊಟ್ಟಗಾಯಿತು ಅಂತ ಕೇಳುತ್ತ ಹೋದರೆ ಸಮಾಜವೇ ಸಿಕ್ಕಿಬೀಳುತ್ತದೆ. ನೋಟ ಕೂಡ ಯಜಮಾನನ ಸ್ವತ್ತು. ಆಳು ಮೊದಲು ಕಂಡರೂ ಅದು ಯಜಮಾನ ಕಂಡ ಮೇಲೇ ಕಂಡ ಹಾಗೆ. ಸತ್ತ ಸೈನಿಕರ ಪರ ಅಷ್ಟು ಸಿಟ್ಟಿನಿಂದ ಬರೆದ ಮನುಷ್ಯನಿಗೂ ಪಕ್ಕದಲ್ಲಿ ಬದುಕಿದ್ದವನ ದನಿ ಕೇಳಲಿಲ್ಲ. ವರ್ಗದ ಸಿಟ್ಟು ಇದ್ದರೆ ಸಾಕು, ವರ್ಣದ ಮಾತು ತಾನಾಗಿ ಬಗೆಹರಿಯುತ್ತೆ ಅನ್ನುವ ನಮ್ಮ ಎಡಪಂಥದ ಗೆಳೆಯರು ಈ ಎರಡು ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು.

5

ಹಾಗಾದರೆ ಕಪ್ಪು ಜನರ ಕಡೆಯಿಂದ ಬಿರುಗಾಳಿಯನ್ನು ಬರೆದವರು ಯಾರು? ಇದಕ್ಕೆ ಕುದ್ರುಗಳಿಂದ ಸ್ವಲ್ಪ ಉತ್ತರಕ್ಕೆ, ಫ್ಲಾರಿಡಾದ ಒಳನಾಡಿಗೆ ಬರಬೇಕು. 1928ರ ಚಂಡಮಾರುತದಲ್ಲಿ ಅಲ್ಲಿನ ಒಕೀಚೋಬಿ ಸರೋವರ ಒಡ್ಡು ಒಡೆದು ಹರಿದು ಎರಡೂವರೆ ಸಾವಿರದಷ್ಟು ಜನ ಸತ್ತರು. ಹೆಚ್ಚಿನವರು ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಕೂಲಿಗಳು, ಬಹಾಮಾದಿಂದ ಬಂದವರೂ ಅವರಲ್ಲಿ ಬಹಳ. ಫ್ಲಾರಿಡಾದಲ್ಲೇ ಬೆಳೆದ ಜೋರಾ ನೀಲ್ ಹರ್ಸ್ಟನ್ ಈ ಬಿರುಗಾಳಿಯನ್ನು ತನ್ನ 1937ರ ಕಾದಂಬರಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ನಲ್ಲಿ ತಂದಿದ್ದಾಳೆ.

ಆ ಭಾಗದಲ್ಲಿ ಎರಡು ಸಂಗತಿ ಇವೆ. ಬಿರುಗಾಳಿಯ ಸುಳಿವು ಹಿಡಿದು ನೆಲದ ಮೂಲನಿವಾಸಿಗಳು ಊರು ಬಿಟ್ಟು ಹೋಗುತ್ತಾರೆ. ಕೂಲಿಗಳು ಹೋಗುವುದಿಲ್ಲ. ಧಣಿಗಳೇ ಹೋಗಿಲ್ಲ, ಅಪಾಯ ಇದ್ದರೆ ಅವರಿಗೆ ಗೊತ್ತಿರುತ್ತಿರಲಿಲ್ಲವೇ ಅನ್ನೋದು ಅವರ ನಂಬಿಕೆ. ಗುಲಾಮಗಿರಿ ಬೆನ್ನಿನ ಮೇಲೆ ಮಾತ್ರ ಇರುವುದಿಲ್ಲ, ತಿಳಿವಳಿಕೆಯೊಳಗೂ ಹೊಕ್ಕು ಕೂತಿರುತ್ತೆ ಅನ್ನುವುದನ್ನು ಅವಳು ಭಾಷಣ ಮಾಡದೆ ಹೇಳಿದ್ದಾಳೆ. ಎರಡನೆಯದು, ನೀರು ಇಳಿದ ಮೇಲೆ. ನಾಯಕಿಯ ಗಂಡನನ್ನು ಬಂದೂಕು ತೋರಿಸಿ ಹೆಣ ಹೂಳಲು ಹಿಡಿದೊಯ್ಯುತ್ತಾರೆ. ಬಿಳಿಯರ ಹೆಣಕ್ಕೆ ಪೆಟ್ಟಿಗೆ, ಕರಿಯರ ಹೆಣಕ್ಕೆ ಗುಂಡಿ ಮತ್ತು ಸುಣ್ಣ. ಹೆಣ ಉಬ್ಬಿ ಬಣ್ಣ ತಿಳಿಯದಂತಾಗಿದೆ, ಕೂದಲು ನೋಡಿ ವಿಂಗಡಿಸಬೇಕು. ದೇವರ ಮುಂದೆ ಹೆಣ ಯಾವ ಸಾಲಿನಲ್ಲಿ ಹೋಗಬೇಕು ಅನ್ನುವ ಬಗ್ಗೆ ಇವರಿಗೆ ಎಷ್ಟು ಕಾಳಜಿ ಅಂತ ಅವನು ಕಿಚಾಯಿಸುತ್ತಾನೆ. ಇದು ಕಾದಂಬರಿಕಾರ್ತಿಯ ಕಲ್ಪನೆ ಅಂದುಕೊಳ್ಳಬೇಡಿ. ವೆಸ್ಟ್ ಪಾಮ್ ಬೀಚ್ ಊರಿನಲ್ಲಿ ಬಿಳಿಯರನ್ನು ಪೆಟ್ಟಿಗೆಯಲ್ಲಿಟ್ಟು ಒಂದು ಸ್ಮಶಾನದಲ್ಲಿ ಹೂಳಿದರು. 674 ಕಪ್ಪು ಜನರನ್ನು ಬೇರೆ ಕಡೆ ಒಂದೇ ಗುಂಡಿಗೆ ಹಾಕಿದರು. ಎಷ್ಟೋ ದಶಕ ಅಲ್ಲೊಂದು ಕಲ್ಲೂ ಇರಲಿಲ್ಲ. ಹೆಣ ಹೂಳಲು ಮೂರು ಗುಂಟೆ ಜಾಗಕ್ಕಾಗಿ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಈಗ ವಿಮರ್ಶೆಯ ಒಂದು ಜಗಳ. ಹೆಮಿಂಗ್ವೇಯ ಲೇಖನ ಬಂದ ಅದೇ ‘ನ್ಯೂ ಮಾಸಸ್’ನಲ್ಲಿ, ಎರಡು ವರ್ಷದ ಮೇಲೆ, 1937ರ ಅಕ್ಟೋಬರಿನಲ್ಲಿ, ಕಪ್ಪು ಜನರ ದೊಡ್ಡ ಲೇಖಕ ರಿಚರ್ಡ್ ರೈಟ್ ಈ ಕಾದಂಬರಿಯನ್ನು ಹಿಗ್ಗಾಮುಗ್ಗಾ ಬೈದ. ಇದರಲ್ಲಿ ವಿಚಾರವಿಲ್ಲ, ಸಂದೇಶವಿಲ್ಲ, ಬಿಳಿ ಓದುಗರನ್ನು ರಂಜಿಸಲು ಬರೆದದ್ದು ಅಂದ. ರೈಟ್ ಸಣ್ಣ ಮನುಷ್ಯನಲ್ಲ, ಅವನ ಸಿಟ್ಟಿಗೆ ಕಾರಣಗಳೂ ಇದ್ದವು. ಆದರೂ ಇಲ್ಲಿ ಅವನು ಎಡವಿದ. ಘೋಷಣೆ ಕಾಣಿಸದಿದ್ದರೆ ಪ್ರತಿಭಟನೆಯೂ ಇಲ್ಲ ಅಂದುಕೊಂಡ. ಹೆಣದ ಕೂದಲು ನೋಡಿ ಜಾತಿ ವಿಂಗಡಿಸುವ ಆ ಎರಡು ಮೂರು ಪುಟಗಳಲ್ಲಿ ಇರುವಷ್ಟು ವಿಚಾರ ಯಾವ ಪ್ರಣಾಳಿಕೆಯಲ್ಲಿದೆ? ಹರ್ಸ್ಟನ್ 1960ರಲ್ಲಿ ಬಡತನದಲ್ಲೇ ಸತ್ತಳು. ಅವಳ ಗೋರಿಗೂ ಗುರುತಿರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಕಲ್ಲು ನಿಲ್ಲಿಸಿದಳು. ನಮ್ಮ ಚಳವಳಿಯೊಳಗೂ ಈ ಚರ್ಚೆ ಇದೆ. ಕೂಗಿದ್ದಷ್ಟೇ ಬಂಡಾಯ ಅನ್ನುವ ಗೆಳೆಯರು ನಮ್ಮ ಹೆಣ್ಣುಮಕ್ಕಳು ಮೆಲುದನಿಯಲ್ಲಿ ಬರೆದದ್ದನ್ನು ಬದಿಗಿಡುವ ಮೊದಲು ರೈಟ್ ಮಾಡಿದ್ದನ್ನು ನೆನೆಯಬೇಕು.

6

1935ರ ಬಿರುಗಾಳಿಯಲ್ಲಿ ಕಿತ್ತುಹೋದ ರೈಲು ದಾರಿಯನ್ನು ಕಂಪನಿ ಮತ್ತೆ ಕಟ್ಟಲಿಲ್ಲ, ಸರ್ಕಾರಕ್ಕೆ ಮಾರಿತು. ಅದೇ ಸೇತುವೆಗಳ ಮೇಲೆ ಕಾಂಕ್ರೀಟು ಹಾಸಿ, ಕಿತ್ತ ಹಳಿಗಳನ್ನೇ ಸೇತುವೆಯ ಅಂಚಿಗೆ ತಡೆಕಂಬಿ ಮಾಡಿ, 1938ರಲ್ಲಿ ಕಾರುಗಳಿಗೆ ಬಿಟ್ಟರು. ಅಲ್ಲಿಂದ ‘ರೋಡ್ ಟ್ರಿಪ್’ ಶುರು. ಕಾರು, ಹೆಂಡತಿ ಮಕ್ಕಳು, ಬುಟ್ಟಿ ತುಂಬ ತಿಂಡಿ, ಬೇಕಾದ ಕಡೆ ನಿಲ್ಲುವ ಸ್ವಾತಂತ್ರ್ಯ. ಅಮೆರಿಕದ ಪ್ರವಾಸ ಸಾಹಿತ್ಯದ ಉಸಿರೇ ಈ ಸ್ವಾತಂತ್ರ್ಯ.

ಇದೇ ಕಾಲದಲ್ಲಿ, 1936ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನ ಒಬ್ಬ ಕಪ್ಪು ಅಂಚೆಯವ, ವಿಕ್ಟರ್ ಗ್ರೀನ್, ಬೇರೊಂದು ಬಗೆಯ ಪ್ರವಾಸದ ಪುಸ್ತಕ ಹೊರತಂದ. ಅದನ್ನು ‘ಗ್ರೀನ್ ಬುಕ್’ ಅನ್ನುತ್ತಾರೆ. ಅದರಲ್ಲಿ ವರ್ಣನೆ ಇಲ್ಲ, ಉಪಮೆ ಇಲ್ಲ. ಊರಿನ ಹೆಸರು, ಅದರ ಕೆಳಗೆ ಕಪ್ಪು ಪ್ರಯಾಣಿಕರಿಗೆ ಊಟ ಕೊಡುವ, ಮಲಗಲು ಜಾಗ ಕೊಡುವ, ಪೆಟ್ರೋಲು ಹಾಕುವ ಕಡೆಗಳ ವಿಳಾಸ. ಉಳಿದ ಕಡೆ ಕಾರು ನಿಲ್ಲಿಸಿದರೆ ಅವಮಾನ, ಕೆಲವು ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಸಿಕ್ಕರೆ ಜೀವಕ್ಕೇ ಅಪಾಯ. 1964ರ ನಾಗರಿಕ ಹಕ್ಕು ಕಾನೂನು ಬರುವ ತನಕ, ಅದು ಬಂದ ಮೇಲೂ ಎರಡು ವರ್ಷ, ಈ ಪುಸ್ತಕ ಬೇಕಾಯಿತು. ಕಡಲನ್ನು ನೋಡುವುದಿರಲಿ, ಅದರಲ್ಲಿ ಇಳಿಯಲೂ ಅಪ್ಪಣೆ ಬೇಕು. ಕುದ್ರುಗಳ ಹೆಬ್ಬಾಗಿಲಿನಂತಿರುವ ಮಯಾಮಿಯಲ್ಲಿ ಕರಿಯರಿಗೆ ಒಂದು ಬೀಚ್ ಕೂಡ ಇರಲಿಲ್ಲ. 1945ರ ಮೇ ತಿಂಗಳಲ್ಲಿ ಕೆಲವರು ಬಿಳಿಯರ ಬೀಚಿನಲ್ಲಿ ನೀರಿಗಿಳಿದು ಪ್ರತಿಭಟನೆ ಮಾಡಿದರು. ಆಮೇಲೆ ವರ್ಜಿನಿಯಾ ಕೀ ಅನ್ನುವ ಕುದ್ರಿನಲ್ಲಿ ಕರಿಯರಿಗೆಂದೇ ಬೇರೆ ಬೀಚ್ ಕೊಟ್ಟರು. ಸಮುದ್ರದ ನೀರಿಗೆ ಇಳಿಯಲು ಸತ್ಯಾಗ್ರಹ! 1927ರ ಮಹಾಡಿನ ಕೆರೆ ಇದನ್ನು ಓದುವವರ ಕಣ್ಣ ಮುಂದೆ ತಾನಾಗಿ ಬರುತ್ತದೆ.

ಸಾಹಿತ್ಯದ ಚರಿತ್ರೆ ಬರೆಯುವವರು ಗ್ರೀನನ ಪಟ್ಟಿಯನ್ನು ಸಾಹಿತ್ಯ ಅನ್ನಲಾರರು. ನಾನು ಅನ್ನುತ್ತೇನೆ. ನಿಜವಾದ ಪ್ರವಾಸ ಸಾಹಿತ್ಯದ ಮೊದಲ ಪಾಠ ಅದರಲ್ಲಿದೆ: ಯಾರು ಎಲ್ಲಿ ನಿಲ್ಲಬಹುದು? ಇದಕ್ಕೆ ಜೊತೆಯಾಗಿ ಓದಬೇಕಾದದ್ದು ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’. ಅವರು ಹೋದ ಬಹಳ ಕಾಲದ ಮೇಲೆ, 1990ರಲ್ಲಿ ಪುಸ್ತಕವಾಗಿ ಬಂತು. ಅದರ ಮೊದಲ ಪ್ರಸಂಗವೇ ಒಂದು ಪ್ರಯಾಣ. 1901ರಲ್ಲಿ ಸಾತಾರೆಯಿಂದ ಅಪ್ಪನ ಊರಿಗೆ ಹೊರಟ ಮಕ್ಕಳು, ಹೊಸ ಬಟ್ಟೆ ಹಾಕಿಕೊಂಡು, ರೈಲಿನಲ್ಲಿ ಬಂದು ಇಳಿದಿವೆ. ಜಾತಿ ತಿಳಿದ ಕೂಡಲೆ ಗಾಡಿ ಹೊಡೆಯಲು ಯಾರೂ ಬರುವುದಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬರುವ ಕರಾರಿನ ಮೇಲೆ ಹೊರಡುತ್ತಾರೆ. ಬುತ್ತಿಯಲ್ಲಿ ಊಟ ಬೇಕಾದಷ್ಟಿದೆ. ಕುಡಿಯಲು ನೀರು ಕೊಡುವವರಿಲ್ಲ, ಹಸಿದೇ ಮಲಗುತ್ತಾರೆ. ಆ ದಾರಿಯಲ್ಲೂ ಗುಡ್ಡ, ಹೊಲ, ಸಂಜೆಯ ಆಕಾಶ ಇದ್ದಿರಲೇಬೇಕು. ಬಾಯಾರಿದ ಹುಡುಗ ಅದನ್ನು ನೋಡಿ ಕಣ್ಮನ ತಣಿಸಿಕೊಳ್ಳಲಿಲ್ಲ ಅಂತ ಅವನಿಗೆ ಸೌಂದರ್ಯಪ್ರಜ್ಞೆ ಇಲ್ಲ ಅನ್ನೋಣವೇ?

7

ಈಗ ಎಲ್ಲ ಬದಲಾಗಿದೆ ಅನ್ನುವವರಿಗೆ ಎರಡು ಮಾತು. ಕಾನೂನಿನ ಗೋಡೆ ಬಿದ್ದಿದೆ, ಹೌದು. ಅದನ್ನು ಬೀಳಿಸಿದವರು ಹೋರಾಡಿದ ಜನ. ಆದರೆ ಇವತ್ತು ಕುದ್ರುಗಳಲ್ಲಿ ನೆಲದ ಬೆಲೆ ಆಕಾಶಕ್ಕೆ ಮುಟ್ಟಿ, ಹೋಟೆಲುಗಳಲ್ಲಿ ಹಾಸಿಗೆ ಹಾಸುವವರಿಗೆ, ತಟ್ಟೆ ತೊಳೆಯುವವರಿಗೆ ಅಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ. ಅವರಲ್ಲಿ ಎಷ್ಟೋ ಜನ ಒಳನಾಡಿನ ಊರುಗಳಿಂದ ನಸುಕಿಗೆ ಎದ್ದು, ಇದೇ ರಸ್ತೆಯಲ್ಲಿ, ಬಸ್ಸಿನಲ್ಲಿ ತೂಕಡಿಸುತ್ತ ಬರುತ್ತಾರೆ. ಕತ್ತಲಾದ ಮೇಲೆ ತೂಕಡಿಸುತ್ತ ಹಿಂದಿರುಗುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಕಡ್ಜೊ ಕೀ ಎಂಬಲ್ಲಿ ಅಪ್ಪಳಿಸಿದಾಗ ಮೊದಲು ಚಿಂದಿಯಾದದ್ದು ಬಡವರು ವಾಸವಿದ್ದ ಗಾಲಿಮನೆಗಳು. ಪ್ರಪಂಚದ ಚೆಲುವಾದ ರಸ್ತೆಯಲ್ಲಿ ದಿನಾ ಎರಡು ಸಲ ಓಡಾಡುವವರಿಗೆ ಕಿಟಕಿಯಾಚೆ ನೋಡಲು ಕಣ್ಣು ತೆರೆದಿರುವುದಿಲ್ಲ. ಇವರ ಪ್ರವಾಸ ಕಥನವನ್ನು ಯಾರು ಬರೆಯುತ್ತಾರೆ?

ಇಸ್ಲಾಮೊರಾಡಾದಲ್ಲಿ ರಸ್ತೆಯ ಪಕ್ಕಕ್ಕೇ 1937ರಲ್ಲಿ ನಿಲ್ಲಿಸಿದ ಒಂದು ಸ್ಮಾರಕ ಇದೆ. ಹವಳದ ಕಲ್ಲಿನ ಮೇಲೆ ಗಾಳಿಗೆ ಬಾಗಿದ ತೆಂಗಿನ ಮರಗಳನ್ನು ಕೆತ್ತಿದ್ದಾರೆ. ಅದರಡಿಯಲ್ಲಿ 1935ರಲ್ಲಿ ಸತ್ತ ಮುನ್ನೂರರಷ್ಟು ಜನರ ಬೂದಿ ಇದೆ. ತೆಂಗಿನ ಮರ ಉಂಟು, ಅಲೆ ಉಂಟು. ಗುದ್ದಲಿ ಹಿಡಿದ ಒಂದು ಕೈಯೂ ಆ ಕೆತ್ತನೆಯಲ್ಲಿಲ್ಲ. ಸ್ಮಾರಕಕ್ಕೂ ಪ್ರವಾಸ ಸಾಹಿತ್ಯದ ಚಾಳಿಯೇ ಅಂಟಿತು.

ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡುವ ಮೇಷ್ಟರು ಗೆಳೆಯರಿಗೆ ಒಂದು ಕೋರಿಕೆ. ವರ್ಷಕ್ಕೊಮ್ಮೆ ನಾವು ಮಕ್ಕಳಿಂದ ‘ನಾನು ಕೈಗೊಂಡ ಪ್ರವಾಸ’ ಅಂತ ಪ್ರಬಂಧ ಬರೆಸುತ್ತೇವೆ. ಪ್ರವಾಸದ ದುಡ್ಡು ಕಟ್ಟಲಾಗದೆ ಊರಲ್ಲೇ ಉಳಿದ ಕೂಲಿಯವರ ಮಕ್ಕಳು ಪಕ್ಕದವರದ್ದು ನೋಡಿ, ತಾವು ಕಾಣದ ಜೋಗವನ್ನು ಹೊಗಳಿ ಬರೆಯುತ್ತಾರೆ. ನಾವು ಅಂಕ ಹಾಕುತ್ತೇವೆ. ಸುಳ್ಳು ಬರೆಯುವ ಕಲೆಯನ್ನು ಹೀಗೆ ಏಳನೇ ತರಗತಿಯಲ್ಲೇ ಕಲಿಸಿದ ಮೇಲೆ ಮುಂದೆ ಎಂಥ ಸಾಹಿತ್ಯ ಬಂದೀತು? ಈ ಸಲ ‘ನಮ್ಮೂರಿನ ರಸ್ತೆ’ ಅಂತ ಕೊಡಿ. ಅದನ್ನು ಯಾವ ವರ್ಷ ಹಾಕಿದರು, ಜಲ್ಲಿ ಒಡೆದವರು ಯಾರ ಮನೆಯವರು, ದಿನಗೂಲಿ ಎಷ್ಟು ಸಿಕ್ಕಿತು, ಎಷ್ಟು ಬಾಕಿ ಉಳಿಯಿತು, ಯಾರ ಹೊಲ ರಸ್ತೆಗೆ ಹೋಯಿತು, ಕೇರಿಯ ತನಕ ಬಂತೋ ಊರಬಾಗಿಲಲ್ಲೇ ನಿಂತಿತೋ, ಯಾವ ಮನೆಯ ಮುಂದೆ ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು ಅಂತ ಮನೆಯಲ್ಲಿ ಕೇಳಿಕೊಂಡು ಬರಲು ಹೇಳಿ. ಬರೆದು ತಂದದ್ದನ್ನು ಕಾಗುಣಿತ ತಿದ್ದದೆ ಹಾಗೇ ಒಮ್ಮೆ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಒಳ್ಳೆಯವು ಸಿಕ್ಕರೆ ಪತ್ರಿಕೆಗೆ ಕಳಿಸಿ, ಮಕ್ಕಳ ಹೆಸರಿನಲ್ಲೇ ಅಚ್ಚು ಹಾಕೋಣ.